ಸಿಗದ ಪುರ್ಜೆಗಳ ಚರಿತ್ರೆ

ಉರ್ದುವಿನಲ್ಲಿ 'ಪುರ್ಜಾ' ಎಂಬ ಮಾತಿಗೆ ಎರಡು ಅರ್ಥಗಳಿವೆ. ಯಂತ್ರದ ಬಿಡಿಭಾಗ ಎಂಬುದು ಒಂದು. ಕಾಗದದ ಚೂರು, ಚೀಟಿ ಎಂಬುದು ಇನ್ನೊಂದು. ಸ್ವಾತಂತ್ರ್ಯ ಬಂದ ಮೇಲಿನ ನಾಲ್ಕು ದಶಕ ನಮ್ಮ ದೇಶದಲ್ಲಿ ಈ ಎರಡು ಅರ್ಥಗಳು ಒಂದಕ್ಕೊಂದು ಗಂಟು ಬಿದ್ದಿದ್ದವು. ಸರ್ಕಾರದ ಚೀಟಿಯಿಲ್ಲದೆ ಹೊರದೇಶದ ಬಿಡಿಭಾಗ ಬಂದರು ದಾಟಿ ಒಳಗೆ ಬರುತ್ತಿರಲಿಲ್ಲ. ಅಂಥ ಕಾಲದಲ್ಲಿ ಒಂದು ಸಾಧಾರಣ ನಾಲ್ಕು ಸಿಲಿಂಡರಿನ ಎಂಜಿನ್ನಿಗೆ ವೇಗ ತುಂಬಲು ಹೊರಟವರು ಏನು ಮಾಡಿದರು ಎಂಬುದು ನಮ್ಮ ಇಲ್ಲಿನ ವಿಷಯ. ಕಾರು ಎಲ್ಲರೂ ನೋಡಿರುವುದೇ: ಫಿಯಟ್ 1100. ಮುಂದೆ ಹೆಸರು ಬದಲಿಸಿಕೊಂಡು ಪ್ರೀಮಿಯರ್ ಪದ್ಮಿನಿ ಆಯಿತು.

ಈ ಎಂಜಿನ್ನಿನ ಮೂಲ 1937ರ ಇಟಲಿಯಲ್ಲಿದೆ. ಫಿಯಟ್ ಕಂಪೆನಿಯ ಎಂಜಿನಿಯರ್ ದಾಂತೆ ಜಕೋಸಾ ರೂಪಿಸಿದ 508ಸಿ ಎಂಬ ಕಾರಿಗೆ ಅದು ಹುಟ್ಟಿತು. ಸಿಲಿಂಡರಿನ ಅಡ್ಡಳತೆ 68 ಮಿಲಿಮೀಟರು, ಪಿಸ್ಟನ್ನಿನ ಓಟ 75 ಮಿಲಿಮೀಟರು, ಒಟ್ಟು 1089 ಸಿಸಿ, ಶಕ್ತಿ 32 ಅಶ್ವಶಕ್ತಿ. ಮನೆಮಂದಿಯನ್ನು ಊರಿಗೆ ಕರೆದೊಯ್ಯಲು ಮಾಡಿದ ಎಂಜಿನ್ ಇದು. ಆದರೆ ಕಾರ್ ರೇಸಿನ ಲೋಕದಲ್ಲಿ 1100 ಸಿಸಿಯೊಳಗಿನದು ಎಂಬ ಒಂದು ವರ್ಗವಿತ್ತು. 1089 ಅದರ ಹೊಸ್ತಿಲಲ್ಲೇ ನಿಂತಿತ್ತು. ಇಟಲಿಯ ಗ್ಯಾರೇಜುಗಳಿಗೆ ಅಷ್ಟು ಸಾಕಾಯಿತು.

ಫೆರಾರಿ ಎಂದರೆ ಇವತ್ತು ಕೆಂಪು ಬಣ್ಣ, ಕೋಟಿಗಟ್ಟಲೆ ಬೆಲೆ ನೆನಪಾಗುತ್ತದೆ. ಆದರೆ ಎಂಜೊ ಫೆರಾರಿ ಸ್ವತಂತ್ರವಾಗಿ ಕಟ್ಟಿದ ಮೊದಲ ಕಾರಿನ ಎಂಜಿನ್ ಇದೇ ಫಿಯಟ್ಟಿನ ಬಿಡಿಭಾಗಗಳಿಂದ ಎದ್ದು ನಿಂತದ್ದು ಎಂಬುದನ್ನು ಬಲ್ಲವರು ಕಡಿಮೆ. 1939ರಲ್ಲಿ ಅವರು ಆಲ್ಫಾ ರೋಮಿಯೊ ಬಿಟ್ಟು ಬಂದರು. ನಾಲ್ಕು ವರ್ಷ ತಮ್ಮ ಹೆಸರಿನಲ್ಲಿ ಕಾರು ಓಡಿಸುವಂತಿಲ್ಲ ಎಂಬ ಕರಾರು ಅವರ ಮೇಲಿತ್ತು. ಹಾಗಾಗಿ ಆ ಕಾರಿಗೆ '815' ಎಂದಷ್ಟೇ ಹೆಸರು: ಎಂಟು ಸಿಲಿಂಡರು, ಒಂದೂವರೆ ಲೀಟರು. ಫಿಯಟ್ 508ಸಿಯ ಎರಡು ಹೆಡ್ಡುಗಳನ್ನು ಸಾಲಾಗಿ ಇಟ್ಟು, ಅವುಗಳ ಕೆಳಗೆ ಅಲ್ಯೂಮಿನಿಯಮ್ಮಿನ ಹೊಸ ಬ್ಲಾಕ್ ಎರಕ ಹೊಯ್ಯಿಸಿದರು. 1940ರ ಏಪ್ರಿಲ್ 28ರಂದು ಬ್ರೆಷಾ ನಗರದ ಓಟಕ್ಕೆ ಅಂಥ ಎರಡು ಕಾರುಗಳು ಇಳಿದವು. ಒಂದನ್ನು ಓಡಿಸಿದವನು ಯುವಕ ಆಲ್ಬರ್ಟೊ ಅಸ್ಕಾರಿ. ಎರಡೂ ಕಾರುಗಳು ಗುರಿ ಮುಟ್ಟದೆ ನಡುವೆಯೇ ನಿಂತವು.

ಯುದ್ಧ ಮುಗಿದ ಮೇಲೆ, 1946ರಲ್ಲಿ, ಚಿಸಿತಾಲಿಯಾ ಎಂಬ ಪುಟ್ಟ ಕಂಪೆನಿ ಇದೇ 1089 ಸಿಸಿ ಎಂಜಿನ್ ಇಟ್ಟು ಡಿ46 ಎಂಬ ರೇಸ್ ಕಾರು ಮಾಡಿತು. ಶಕ್ತಿ 60 ಅಶ್ವಶಕ್ತಿಯ ಆಸುಪಾಸಿಗೆ, ಎಂದರೆ ಹುಟ್ಟಿದಾಗಿನ ಸುಮಾರು ಎರಡರಷ್ಟಕ್ಕೆ ಏರಿತ್ತು. ಅದೇ ಕಂಪೆನಿಯ ನೆರಳಿನಿಂದ ಹೊರಬಂದ ಕಾರ್ಲೊ ಅಬಾರ್ಥ್ 1949ರಲ್ಲಿ ತನ್ನದೇ ಸಂಸ್ಥೆ ತೆರೆದು, ಸಾಧಾರಣ ಕಾರುಗಳಿಗೆ ಸೈಲೆನ್ಸರು ಮತ್ತು ವೇಗದ ಬಿಡಿಭಾಗಗಳನ್ನು ಪೆಟ್ಟಿಗೆಯಲ್ಲಿಟ್ಟು ಮಾರಿದ. ಬೊಲೋನ್ಯದ ಎದುವಾರ್ದೊ ವೆಬರ್ 1923ರಿಂದಲೇ ಫಿಯಟ್ಟಿಗೆ ಹೊಂದುವ ಕಾರ್ಬುರೇಟರು ಮಾರುತ್ತಿದ್ದ. 1945ರಲ್ಲಿ ಆತ ಒಂದು ದಿನ ಕಾಣೆಯಾದ, ಮತ್ತೆ ಸಿಗಲಿಲ್ಲ. ಹೆಸರು ಮಾತ್ರ ಕಾರ್ಬುರೇಟರಿನ ಮೇಲೆ ಉಳಿಯಿತು. ಮೊದೆನಾದ ಸ್ತಾಂಗ್ವೆಲ್ಲಿನಿ 1959ರ ಹೊತ್ತಿಗೆ ಇದೇ ಎಂಜಿನ್ನಿನಿಂದ ಫಾರ್ಮುಲಾ ಜೂನಿಯರ್ ಎಂಬ ಪಂದ್ಯಗಳಲ್ಲಿ ಮೇಲುಗೈ ಪಡೆದಿದ್ದ. ಈ ಎಲ್ಲರ ಹೆಸರನ್ನೂ ನಾವು ಬರೆಯಬಲ್ಲೆವು. ಏಕೆಂದರೆ ಅವರು ಮಾಡಿದ ಪ್ರತಿ ತುಂಡಿಗೂ ಬೆಲೆಪಟ್ಟಿ ಇತ್ತು, ಎರಕದಲ್ಲಿ ಅಚ್ಚಾದ ಹೆಸರಿತ್ತು.

ಇನ್ನು ನಮ್ಮ ಕಡೆಗೆ ಬರೋಣ. ಫಿಯಟ್ಟನ್ನು ಇಲ್ಲಿ ತಯಾರಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪೆನಿಯನ್ನು ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದರು. 1940ರಲ್ಲಿ ಮೈಸೂರು ಸರ್ಕಾರದ ಜೊತೆಗೂಡಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದವರೂ ಅವರೇ. ಅದಕ್ಕೂ ಮೊದಲೇ, 1930ರ ದಶಕದಲ್ಲಿ, ಮೈಸೂರು ಸಂಸ್ಥಾನದಲ್ಲಿ ಮೋಟಾರು ಕಾರ್ಖಾನೆ ಆಗಬೇಕೆಂದು ಸರ್ ಎಂ. ವಿಶ್ವೇಶ್ವರಯ್ಯನವರು ಪಟ್ಟುಹಿಡಿದಿದ್ದರು. ಬ್ರಿಟಿಷ್ ಸರ್ಕಾರ ಅದಕ್ಕೆ ಒಪ್ಪಲಿಲ್ಲ. ಒಪ್ಪಿದ್ದರೆ ಈ ಬರಹದ ಊರುಗಳು ಬೇರೆಯಾಗುತ್ತಿದ್ದವೇನೋ.

ಸ್ವತಂತ್ರ ಭಾರತ ಕಾರುಗಳನ್ನು ಬೇಕಿಲ್ಲದ ಐಷಾರಾಮ ಎಂದು ನೋಡಿತು. 1953ರ ಸುಂಕ ಆಯೋಗದ ವರದಿಯ ನಂತರ, ಹೊರಗಿನ ಭಾಗಗಳನ್ನು ತಂದು ಇಲ್ಲಿ ಜೋಡಿಸುತ್ತಿದ್ದ ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ಕಂಪೆನಿಗಳು ಬಾಗಿಲು ಹಾಕಿದವು. ಉಳಿದದ್ದು ಅಂಬಾಸಿಡರ್, ಫಿಯಟ್, ಸ್ಟ್ಯಾಂಡರ್ಡ್. ಒಂದು ಫಿಯಟ್ ಬುಕ್ ಮಾಡಿ ವರ್ಷಗಟ್ಟಲೆ ಕಾಯುವುದು ವಾಡಿಕೆಯಾಯಿತು. ಹೊಸ ಕಾರಿಗೇ ಈ ಗತಿಯಾದರೆ ವೇಗದ ಕ್ಯಾಮ್ ಶಾಫ್ಟಿಗೆ ಯಾವ ಅಧಿಕಾರಿ ಪರವಾನಗಿ ಬರೆದುಕೊಡುತ್ತಾನೆ? ದೇಶಕ್ಕೆ ಅನ್ನವೇ ಸಾಲದ ಆ ವರ್ಷಗಳಲ್ಲಿ ವಿದೇಶಿ ವಿನಿಮಯವನ್ನು ಕಾರ್ ರೇಸಿಗೆ ಸುರಿಯದೆ ಇದ್ದದ್ದನ್ನು ನಾವಂತೂ ತಪ್ಪೆನ್ನಲಾರೆವು.

ಆದರೂ ರೇಸುಗಳು ನಡೆದವು. ಎರಡನೆಯ ಮಹಾಯುದ್ಧ ಬಿಟ್ಟುಹೋದ ವಿಮಾನದ ಓಡುದಾರಿಗಳು ದೇಶದಲ್ಲಿ ಖಾಲಿ ಬಿದ್ದಿದ್ದವು. ಮದ್ರಾಸಿನ ಹೊರಗಿನ ಶೋಲಾವರಂ ಅವುಗಳಲ್ಲಿ ಹೆಸರಾದದ್ದು. ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ಅಲ್ಲಿ ಹಲವು ದಶಕ ಪಂದ್ಯ ನಡೆಸಿದರು. 1990ರಲ್ಲಿ ಇರುಂಗಾಟ್ಟುಕೋಟ್ಟೈಯ ಹೊಸ ಟ್ರ್ಯಾಕು ಬರುವವರೆಗೆ ದಕ್ಷಿಣದವರ ಕಾಶಿ ಅದೇ. ಹಣವಿದ್ದವರು ಹೊರಗಿನ ರೇಸ್ ಕಾರನ್ನೇ ತರಿಸುತ್ತಿದ್ದರು. ವಿಜಯ್ ಮಲ್ಯ ಅವರು ಎನ್‌ಸೈನ್ ಎಂಬ ಫಾರ್ಮುಲಾ ವನ್ ಕಾರನ್ನು ಅಲ್ಲಿ ಓಡಿಸಿದ್ದು ದಾಖಲಾಗಿದೆ. ನಮ್ಮ ಆಸಕ್ತಿ ಅವರಲ್ಲಿ ಅಲ್ಲ. ಅದೇ ದಿನ ಅದೇ ಸಿಮೆಂಟಿನ ಮೇಲೆ ಓಡಿದ ಫಿಯಟ್ಟುಗಳಲ್ಲಿ, ಹೆಚ್ಚಾಗಿ ಅವುಗಳ ಬಾನೆಟ್ಟಿನ ಕೆಳಗೆ ಬಗ್ಗಿದ್ದವರಲ್ಲಿ.

ವೇಗ ಬೇಕಾದವನು ಮೊದಲು ಕೈ ಹಾಕುವುದು ಹೆಡ್ಡಿಗೆ. ಈ ಎಂಜಿನ್ನಿನ ಒಂದೊಂದು ಸಿಲಿಂಡರಿನಲ್ಲಿ ಪಿಸ್ಟನ್ ಓಡಾಡುವ ಜಾಗ 272 ಸಿಸಿ. ಒಳಗೆ ಬಂದ ಪೆಟ್ರೋಲು-ಗಾಳಿಯನ್ನು ಏಳೂವರೆ ಪಟ್ಟು ಅದುಮಬೇಕಾದರೆ ಪಿಸ್ಟನ್ನಿನ ಮೇಲೆ ಸುಮಾರು 42 ಸಿಸಿ ಜಾಗ ಉಳಿಯಬೇಕು. ಒಂಬತ್ತು ಪಟ್ಟು ಅದುಮಬೇಕಾದರೆ 34 ಸಿಸಿ. ನಡುವಿನ ವ್ಯತ್ಯಾಸ ಎರಡು ಟೀ ಚಮಚೆಯಷ್ಟೂ ಇಲ್ಲ. ಆ ಅಷ್ಟನ್ನು ತೆಗೆಯಲು ಅಲ್ಯೂಮಿನಿಯಂ ಹೆಡ್ಡಿನ ತಳವನ್ನು ಮಿಲ್ಲಿಂಗ್ ಮೆಷಿನ್ನಿಗೆ ಕೊಟ್ಟು ಪದರ ಪದರವಾಗಿ ಕೆತ್ತಬೇಕು. ಕೆತ್ತಿದ ಮೇಲೆ ಹೆಡ್ಡನ್ನು ಮಗುಚಿಟ್ಟು, ಕುಳಿಯ ಮೇಲೆ ಗ್ರೀಸ್ ಹಚ್ಚಿದ ಗಾಜು ಮುಚ್ಚಿ, ಸಣ್ಣ ತೂತಿನಿಂದ ಸಿರಿಂಜಿನಲ್ಲಿ ಸೀಮೆಎಣ್ಣೆ ಬಿಟ್ಟು ಅಳೆಯಬೇಕು. ನಾಲ್ಕು ಕುಳಿಗಳೂ ಒಂದೇ ಅಳತೆಯ ಎಣ್ಣೆ ಕುಡಿಯುವವರೆಗೆ ಈ ಕೆಲಸ ಮುಗಿಯುವುದಿಲ್ಲ.

ಅಷ್ಟಕ್ಕೇ ಬಿಡುಗಡೆಯೂ ಇಲ್ಲ. ಹೆಡ್ ತಗ್ಗಿದರೆ ವಾಲ್ವನ್ನು ಒತ್ತುವ ಪುಶ್ ರಾಡುಗಳು ಉದ್ದವಾದಂತಾಗುತ್ತವೆ. ಆಗ ರಾಕರ್ ಕಂಬಗಳ ಕೆಳಗೆ ತೆಳು ತಗಡು ಕೊಟ್ಟು ಎತ್ತರಿಸಬೇಕು. ವಾಲ್ವು ಪಿಸ್ಟನ್ನಿಗೆ ಬಡಿಯುತ್ತದೆಯೋ ಎಂದು ನೋಡಲು ಪಿಸ್ಟನ್ನಿನ ತಲೆಯ ಮೇಲೆ ಮಕ್ಕಳಾಡುವ ಜೇಡಿಯ ಬಿಲ್ಲೆಯಿಟ್ಟು, ಎಂಜಿನ್ನನ್ನು ಕೈಯಲ್ಲಿ ತಿರುಗಿಸಿ, ಮತ್ತೆ ಬಿಚ್ಚಿ ಗುರುತು ನೋಡಬೇಕು. ಇಷ್ಟೆಲ್ಲ ಸರಿಯಾದರೂ ಆ ಕಾಲದ ನಮ್ಮ ಸಾಧಾರಣ ಪೆಟ್ರೋಲಿನ ಆಕ್ಟೇನ್ ಕಡಿಮೆ. ಅತಿಯಾಗಿ ಅದುಮಿದರೆ ಅದು ಕಿಡಿಯಿಂದ ಹಬ್ಬುವ ಉರಿ ಮುಟ್ಟುವ ಮೊದಲೇ ಅಲ್ಲಲ್ಲಿ ಸಿಡಿದು ಎಂಜಿನ್ ಕಟಕಟ ಬಡಿಯುತ್ತದೆ, ಪಿಸ್ಟನ್ನಿಗೆ ತೂತು ಬೀಳುತ್ತದೆ. ಎಲ್ಲಿ ನಿಲ್ಲಿಸಬೇಕೆಂಬುದು ಯಾವ ಪುಸ್ತಕದಲ್ಲೂ ಇರಲಿಲ್ಲ. ಅದನ್ನು ಮೇಸ್ತ್ರಿ ಕಿವಿಯಿಂದ ತಿಳಿಯುತ್ತಿದ್ದ.

ಕ್ಯಾಮ್ ಶಾಫ್ಟಿನ ಕಥೆ ಇದಕ್ಕಿಂತ ಸೋಜಿಗದ್ದು. ವಾಲ್ವನ್ನು ಇನ್ನಷ್ಟು ಎತ್ತರಕ್ಕೆ, ಇನ್ನಷ್ಟು ಹೊತ್ತು ತೆರೆದಿಡುವ ಕ್ಯಾಮ್ ಇಟಲಿಯಲ್ಲಿ ಅಂಗಡಿಯ ಸರಕು. ಇಲ್ಲಿ ಹಳೆಯದನ್ನೇ ತೇಯಬೇಕು. ಉಬ್ಬನ್ನು ಎತ್ತರಿಸಲಾಗದಿದ್ದರೆ ಉಳಿದ ಸುತ್ತನ್ನು ತಗ್ಗಿಸು ಎಂಬುದೇ ಅದರ ಉಪಾಯ. ತೇಯುವಾಗ ಉಕ್ಕಿನ ಗಟ್ಟಿ ಹೊರಪದರ ಹೋಗಿಬಿಟ್ಟರೆ ಮತ್ತೆ ಹದ ಹಾಕಿಸಬೇಕು, ಇಲ್ಲವಾದರೆ ಉಬ್ಬು ಬೇಗನೆ ಸವೆದು ಹೋಗುತ್ತದೆ. ಸೈಲೆನ್ಸರಿನ ಕೊಳವೆಗಳನ್ನು ಬಾಗಿಸಲು ಒಳಗೆ ಮರಳು ಗಿಡಿದು, ಎರಡೂ ತುದಿ ಮುಚ್ಚಿ, ಕೆಂಪಗೆ ಕಾಯಿಸಿ ಬಗ್ಗಿಸುತ್ತಿದ್ದರು. ಮರಳಿಲ್ಲದಿದ್ದರೆ ಕೊಳವೆ ಮಡಚಿಕೊಳ್ಳುತ್ತದೆ. ಕಮ್ಮಾರಸಾಲೆಯ ಈ ಹಳೆಯ ಹುನರ್ ಇಲ್ಲಿ ರೇಸಿಗೆ ಬಂತು.

ಎಲ್ಲವನ್ನೂ ಕೈಯಲ್ಲೇ ಮಾಡಲಾಗುತ್ತಿರಲಿಲ್ಲ. ಪಿಸ್ಟನ್ನಿಗೆ ಮದ್ರಾಸಿನಲ್ಲಿ 1949ರಲ್ಲಿ ಶುರುವಾದ ಇಂಡಿಯಾ ಪಿಸ್ಟನ್ಸ್ ಇತ್ತು. ಸ್ಪಾರ್ಕ್ ಪ್ಲಗ್ಗಿಗೆ 1951ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಮೈಕೋ ಇತ್ತು. ಆದರೆ ಅವರು ಮಾಡುತ್ತಿದ್ದದ್ದು ಸಾಧಾರಣ ಓಟದ ಸಾಮಾನು. ರೇಸಿನವನು ಅವುಗಳಲ್ಲೇ ತನಗೆ ಬೇಕಾದ್ದನ್ನು ಹೆಕ್ಕಬೇಕಿತ್ತು: ಯಾವ ಬೇರೆ ವಾಹನದ ಪಿಸ್ಟನ್ನಿನ ಪಿನ್ ಇದಕ್ಕೆ ಕೂರುತ್ತದೆ, ಯಾವುದರ ವಾಲ್ವನ್ನು ಲೇತಿನಲ್ಲಿ ತಿರುಗಿಸಿ ಸಣ್ಣದು ಮಾಡಿದರೆ ಇದರ ದೊಡ್ಡ ವಾಲ್ವು ಆಗುತ್ತದೆ, ಅಂಬಾಸಿಡರಿನ ಎಸ್‌ಯು ಕಾರ್ಬುರೇಟರು ಎರಡು ಸಿಕ್ಕರೆ ಅವನ್ನು ಹೇಗೆ ಒಂದೇ ತಾಳಕ್ಕೆ ತರಬೇಕು.

ಈ ಹುಡುಕಾಟದ ದಾರಿ ಗುಜರಿಗೇ ಹೋಗಿ ಮುಟ್ಟುತ್ತದೆ. ಗುಜರಿ ಎಂಬುದು ನಮಗೀಗ ಹಳೆ ಕಬ್ಬಿಣದ ಇನ್ನೊಂದು ಹೆಸರು. ಮೂಲದಲ್ಲಿ ಅದು ಇಳಿಹೊತ್ತಿನಲ್ಲಿ ದಾರಿಬದಿಗೆ ನೆರೆಯುವ ಸಂತೆ, 'ಗುಜರ್‌ನಾ' ಎಂದರೆ ಹಾದುಹೋಗುವುದು. ಬೆಂಗಳೂರಿನ ಶಿವಾಜಿನಗರದ ಗುಜರಿ, ಚೆನ್ನೈಯ ಪುದುಪೇಟ್ಟೈ, ಮುಂಬಯಿಯ ಕುರ್ಲಾ, ಇವುಗಳಲ್ಲಿ ಕೂತವರಲ್ಲಿ ನಮ್ಮ ಸಮುದಾಯದವರು ಬಹಳ. ಶಾಲೆ ಬಿಟ್ಟು ಹತ್ತು ವರ್ಷಕ್ಕೇ ಸ್ಪ್ಯಾನರ್ ಹಿಡಿದ ಹುಡುಗರು ಅಲ್ಲಿ ಉಸ್ತಾದರಾಗಿದ್ದಾರೆ. ಯಾವ ಗೇರ್ ಯಾವ ಗಾಡಿಗೆ ಕೂರುತ್ತದೆ ಎಂಬ ದೊಡ್ಡ ನಿಘಂಟು ಅವರ ತಲೆಯಲ್ಲಿತ್ತು. ಅದನ್ನು ಯಾರೂ ಬರೆದಿಟ್ಟುಕೊಳ್ಳಲಿಲ್ಲ. ಪೇಟೆಯ ಮಂದಿ ಅವರನ್ನು ನೆನೆಯುವುದು ಕಳ್ಳಮಾಲಿನ ಸುದ್ದಿ ಬಂದಾಗ. ಕಳ್ಳಮಾಲು ಇರಲಿಲ್ಲವೆಂದು ನಾವು ಹೇಳುವುದಿಲ್ಲ. ಮೀರತ್ತಿನ ಸೋತಿಗಂಜ್ ಮಾರುಕಟ್ಟೆಯನ್ನು 2021ರ ಡಿಸೆಂಬರಿನಲ್ಲಿ ಪೊಲೀಸರು ಮುಚ್ಚಿಸಿದ್ದು ಅದೇ ಕಾರಣಕ್ಕೆ. ಆದರೆ ಅಂಥ ಒಂದು ಬೀದಿ ಮುಚ್ಚಿದಾಗ ಕದ್ದ ಕಾರುಗಳ ಜೊತೆಗೆ ಏನೇನು ಮುಚ್ಚಿಹೋಯಿತೆಂದು ಪಂಚನಾಮೆಯಲ್ಲಿ ಬರೆಯಲು ಕಲಮುಗಳಿಲ್ಲ.

ಈ ಕೊರತೆಯನ್ನು 'ಜುಗಾಡ್' ಎಂದು ಹಾಡಿಹೊಗಳುವುದು ಈಗ ಫ್ಯಾಷನ್ ಆಗಿದೆ. ನಮಗೆ ಆ ಮಾತು ರುಚಿಸುವುದಿಲ್ಲ. ಜುಗಾಡ್ ಎಂದರೆ ಹೇಗೋ ದಿನ ದೂಡುವುದು. ಸಿರಿಂಜಿನಲ್ಲಿ ಸೀಮೆಎಣ್ಣೆ ಅಳೆಯುವವನು ದಿನ ದೂಡುತ್ತಿರಲಿಲ್ಲ, ಅಬಾರ್ಥ್ ಮಾಡಿದ ಕೆಲಸವನ್ನೇ ಮಾಡುತ್ತಿದ್ದ. ಅಬಾರ್ಥನ ಕೈಯಲ್ಲಿದ್ದ ಉಕ್ಕು, ಯಂತ್ರ, ಬೆಲೆಪಟ್ಟಿ ಇವನ ಕೈಯಲ್ಲಿರಲಿಲ್ಲ. ಒಡೆದ ಪ್ರತಿ ಪಿಸ್ಟನ್ನಿನ ಖರ್ಚು ಯಾರದೋ ಮನೆಯ ದುಡ್ಡು.

1983ರ ಡಿಸೆಂಬರಿನಲ್ಲಿ ಮಾರುತಿ ಬಂತು. 1980ರ ದಶಕದ ಕೊನೆಗೆ ಕೊಯಮತ್ತೂರಿನ ಕರಿವರ್ಧನ್ ಅದರ ಮೂರು ಸಿಲಿಂಡರಿನ ಎಂಜಿನ್ ಇಟ್ಟು ಫಾರ್ಮುಲಾ ಮಾರುತಿ ಕಾರುಗಳನ್ನು ಕಟ್ಟಿದರು. ರೇಸಿನ ಹುಡುಗರು ಅತ್ತ ಹೊರಳಿದರು. ಪ್ರೀಮಿಯರ್ ಕಂಪೆನಿಯೇ 1985ರಲ್ಲಿ ಫಿಯಟ್ 124ರ ಮೈಗೆ ನಿಸಾನಿನ 1171 ಸಿಸಿ ಎಂಜಿನ್ ಜೋಡಿಸಿ 118 ಎನ್‌ಇ ಎಂಬ ಕಾರು ತಂದಿತು. ಡಟ್ಸನ್ 1200ರ ಒಳಗಿದ್ದ ಎಂಜಿನ್ ಇದು. ಡಟ್ಸನ್ ಎಂದರೆ ಕೊಲ್ಲಿ ದೇಶಗಳ ಬೀದಿಗಳಲ್ಲಿ ಓಡಾಡಿದ್ದ ಗಾಡಿ. ನಮ್ಮ ಕರಾವಳಿಯ ಎಷ್ಟೋ ಡ್ರೈವರುಗಳು, ಮೆಕ್ಯಾನಿಕ್ಕುಗಳು ಅಲ್ಲಿ ದುಡಿದವರು, ಆ ಎಂಜಿನ್ ಅವರಿಗೆ ಹಳೆಯ ಪರಿಚಯ. 1991ರ ನಂತರ ಚೀಟಿಯ ರಾಜ್ಯವೂ ಸಡಿಲವಾಯಿತು.

ಪದ್ಮಿನಿಯ ತಯಾರಿಕೆ ಹೊಸ ಶತಮಾನದ ಹೊಸ್ತಿಲಲ್ಲಿ ನಿಂತಿತು. ಆದರೂ ಅದರ ಬಿಡಿಭಾಗ ಸಿಗುತ್ತಲೇ ಇತ್ತು. ಕಾರಣ ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿ. ಟ್ಯಾಕ್ಸಿಗಳು ಓಡುವಷ್ಟು ದಿನ ಯಾರಾದರೂ ಗ್ಯಾಸ್ಕೆಟ್ಟು, ರಿಂಗು, ಬೇರಿಂಗು ಮಾಡುತ್ತಲೇ ಇರುತ್ತಾರೆ. ವೇಗದ ಪುರ್ಜೆಗಳು ನಿಲ್ಲುವುದು ಈ ಬಡ ಪುರ್ಜೆಗಳ ಹೆಗಲ ಮೇಲೆ. ಮೂವತ್ತು ದಿನ ಕೂತು ಕೆತ್ತಿದ ಹೆಡ್ಡಿನ ಕೆಳಗೆ ಇಡಲು ಗ್ಯಾಸ್ಕೆಟ್ಟೇ ಇಲ್ಲವೆಂದರೆ ಅದು ಮೇಜಿನ ಮೇಲಿನ ಅಲಂಕಾರ. ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ 2003ರ ಅಕ್ಟೋಬರ್ 29ರಂದು ನೋಂದಣಿಯಾದದ್ದು. ಇಪ್ಪತ್ತು ವರ್ಷದ ಮಿತಿ ಮುಗಿದು 2023ರ ಅಕ್ಟೋಬರ್ ಕೊನೆಗೆ ಅದೂ ರಸ್ತೆಯಿಂದ ಸರಿಯಿತು.

ಈಗ ಹಳೆಯ ಫಿಯಟ್ಟುಗಳನ್ನು ಸಿಂಗರಿಸುವವರು ಹೆಚ್ಚಾಗಿದ್ದಾರೆ. ಐವತ್ತು ವರ್ಷ ದಾಟಿದ ವಾಹನಗಳಿಗೆ ಪ್ರತ್ಯೇಕ ನೋಂದಣಿ ಕೊಡುವ ನಿಯಮ 2021ರಲ್ಲಿ ಬಂದಿದೆ. ದುಡ್ಡಿದ್ದರೆ ವೆಬರ್ ಕಾರ್ಬುರೇಟರನ್ನು ಮನೆಗೇ ತರಿಸಿಕೊಳ್ಳಬಹುದು. ಪೀಣ್ಯದಂಥ ಕಡೆ ಕಂಪ್ಯೂಟರಿನಿಂದ ನಡೆಯುವ ಯಂತ್ರಗಳು ಕ್ಯಾಮ್ ಶಾಫ್ಟನ್ನು ಕೂದಲೆಳೆಯಷ್ಟೂ ತಪ್ಪದೆ ತಿರುವಿಕೊಡಬಲ್ಲವು. ಆದರೆ ಯಂತ್ರಕ್ಕೆ ಅಳತೆ ಬೇಕು, ಅಳತೆಗೆ ನಮೂನೆ ಬೇಕು. ಆಗ ಮತ್ತೆ ಗುಜರಿಗೇ ಬಂದು ಶೋಲಾವರಂ ಕಾಲದ ತೇಯ್ದ ಕ್ಯಾಮ್ ಏನಾದರೂ ಉಳಿದಿದೆಯೇ ಎಂದು ಕೇಳಬೇಕು. ಸಿಕ್ಕರೆ ಅದನ್ನು ಡಯಲ್ ಗೇಜಿನ ಕೆಳಗೆ ಇಟ್ಟು ಡಿಗ್ರಿ ಡಿಗ್ರಿಯಾಗಿ ತಿರುಗಿಸಿ ಅಳತೆ ಬರೆದುಕೊಳ್ಳಬಹುದು. ಇಟಲಿಯದಾದರೆ ಅದರ ಮೈಮೇಲೆ ಹೆಸರೋ ಸಂಖ್ಯೆಯೋ ಕೆತ್ತಿರುತ್ತದೆ. ಇಲ್ಲಿ ತೇಯ್ದದ್ದಾದರೆ ಕಲ್ಲಿನ ಗೀರುಗಳಷ್ಟೇ ಇರುತ್ತವೆ.