ಸೂಕ್ಷ್ಮದರ್ಶಕವೂ ಸೋಸುಬಟ್ಟೆಯೂ

1665ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹುಕ್ ಬೆಂಡಿನ ತೆಳುವಾದ ಸೀಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅಲ್ಲಿನ ಪುಟ್ಟ ಗೂಡುಗಳನ್ನು ‘ಕೋಶ’ಗಳೆಂದು ಕರೆದನು. 1674ರಲ್ಲಿ ಹಾಲೆಂಡಿನ ಬಟ್ಟೆ ವ್ಯಾಪಾರಿ ಲ್ಯೂವೆನ್‌ಹುಕ್, ತಾನೇ ಸಿದ್ಧಪಡಿಸಿದ ಒಂಟಿ ಮಸೂರವನ್ನು ಕಣ್ಣಿನ ಸಮೀಪ ಹಿಡಿದು, ತಿರುಪಿನಿಂದ ದೂರ ಹೊಂದಿಸಿ, ಬೆಳಕಿಗೆ ಎದುರಾಗಿ ಕೆರೆಯ ನೀರನ್ನು ಪರೀಕ್ಷಿಸಿದನು. ಹನಿಯೊಳಗೆ ಜೀವಿಗಳು ಚಲಿಸುತ್ತಿದ್ದವು. 1677ರಲ್ಲಿ ಹುಕ್ ಸ್ವತಃ ಅಂಥ ಜೀವಿಗಳನ್ನು ತೋರಿಸಿಕೊಟ್ಟ ಮೇಲೆಯೇ ಲಂಡನ್ನಿನ ವಿದ್ವಾಂಸರ ಸಂಶಯ ನೀಗಿತು.

ಶ್ರಾವಕರಾದರೋ ಕಣ್ಣಿನ ಸಾಕ್ಷಿಗೆ ಕಾಯದೆ, ಅದಕ್ಕಿಂತ ಬಹುಕಾಲ ಮೊದಲೇ ನೀರನ್ನು ಸೋಸಿ, ಬಟ್ಟೆಯಲ್ಲುಳಿದ ಜೀವಿಗಳನ್ನು ನೀರು ತಂದ ಬಾವಿಗೇ ಮರಳಿಸುತ್ತಿದ್ದರು. ಆದರೆ ಇದು ಹೆಮ್ಮೆಗೆ ಕಾರಣವಾಗಬಾರದು. ಮಸೂರ ತೋರಿಸಿದ ಜೀವಿಗಳಲ್ಲಿ ಅನೇಕವು ಬಟ್ಟೆಯ ಎಳೆಗಳ ನಡುವೆಯೂ ನುಸುಳಬಲ್ಲವು. ಆದ್ದರಿಂದ ಸೋಸುವುದರೊಡನೆ ನೀರನ್ನು ಮಿತವಾಗಿ ಬಳಸುವುದೂ ಅಹಿಂಸಾವ್ರತಕ್ಕೆ ಅವಶ್ಯ.