ಮಹಲಿಗೆ ಬಂದ ಕಲೆಕ್ಟರರ ಬಿಡಾರ

ಇಂಡಿಯ ರೈತನೊಬ್ಬ ಜಮೀನಿನ ತಕರಾರು ಹೊತ್ತು ಜಿಲ್ಲಾ ಕಚೇರಿಗೆ ಹೋಗಬೇಕಾದರೆ ಒಂದು ಕಾಲಕ್ಕೆ ಕೃಷ್ಣೆಯನ್ನೂ ಘಟಪ್ರಭೆಯನ್ನೂ ದಾಟಿ ಕಲಾದಗಿ ಮುಟ್ಟಬೇಕಿತ್ತು. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯವರ ಪಾಡೂ ಅದೇ. 1884ರಲ್ಲಿ ವಿಜಾಪುರಕ್ಕೆ (ಈಗಿನ ವಿಜಯಪುರ) ರೈಲು ಬಂತು. ಅದರ ಬೆನ್ನಿಗೇ ಜಿಲ್ಲಾ ಕೇಂದ್ರವೂ ಅಲ್ಲಿಗೆ ಬಂತು.

ಕೇಂದ್ರವೇನೋ ಬಂತು, ಅಧಿಕಾರಿಗಳು ಇರುವುದೆಲ್ಲಿ? 1686ರಲ್ಲಿ ಔರಂಗಜೇಬನ ವಶವಾದ ಆದಿಲಶಾಹಿ ರಾಜಧಾನಿಯಲ್ಲಿ ಎರಡು ಶತಮಾನಗಳಿಂದ ಹಾಳುಬಿದ್ದ ಮಹಲುಗಳಿಗೆ ಬರವಿರಲಿಲ್ಲ. ಎಲ್ಲವನ್ನೂ ಹೊಸದಾಗಿ ಕಟ್ಟಿಸುವ ಬದಲು ಅವುಗಳಲ್ಲಿ ಕೆಲವನ್ನು ದುರಸ್ತಿ ಮಾಡಿಸಿದರು. ಅದಾಲತ್ ಮಹಲು ಕಲೆಕ್ಟರರ ಮನೆಯಾಯಿತು, ಅರಶ್ ಮಹಲು ಸಿವಿಲ್ ಸರ್ಜನ್ನರದಾಯಿತು, ಚೀನಿ ಮಹಲಿನಲ್ಲಿ ಕಚೇರಿಗಳು ಕುಳಿತವು.

ಇದು ಉಪಕಾರವೋ ಅಪಚಾರವೋ? ಸುಲ್ತಾನ ದರ್ಬಾರು ನಡೆಸಿದ ತೆರೆದ ಹಜಾರದಲ್ಲಿ ಸಂಸಾರ ಹೂಡಲಾಗದು. ಅಡ್ಡಗೋಡೆ ಬೇಕು, ಬಾಗಿಲು ಬೇಕು, ಅಡುಗೆಮನೆ ಬೇಕು. ಇಷ್ಟು ಆಗುವಷ್ಟರಲ್ಲಿ ಹಳೆಯ ಕಟ್ಟಡ ಅರ್ಧ ಮರೆಯಾಗುತ್ತದೆ. ಆದರೆ ಜನ ಇರುವ ಮನೆಯ ಮಾಳಿಗೆ ಸೋರಿದರೆ ಆ ಮಳೆಗಾಲದಲ್ಲೇ ಗಾರೆ ಬೀಳುತ್ತದೆ. ಬಿರುಕಿನಲ್ಲಿ ಚಿಗುರಿದ ಅರಳಿ ಗಿಡವನ್ನು ಯಾರಾದರೂ ಕೀಳುತ್ತಾರೆ. ಸಮೀಪದಲ್ಲೇ ಇರುವ ಗಗನ ಮಹಲನ್ನು ನೋಡಿ: ಸುಮಾರು ಅರವತ್ತು ಅಡಿ ಅಗಲದ ಅದರ ನಡುಗಮಾನು ನಿಂತಿದೆ, ಮರದ ಚಾವಣಿಯೂ ಕಂಬಗಳೂ ಇಲ್ಲ. ಮಹಲುಗಳ ಮಟ್ಟಿಗೆ, ಕಲೆಕ್ಟರರ ಬಿಡಾರ ಕೆಡಿಸಿದ್ದಕ್ಕಿಂತ ಉಳಿಸಿದ್ದೇ ಹೆಚ್ಚೆನ್ನಬೇಕು.

ಮಸೀದಿಗಳ ಮಾತು ಬೇರೆ. ಬುಖಾರಿ ಮಸೀದಿಯಲ್ಲಿ ಅಂಚೆ ಕಚೇರಿ ನಡೆಯುತ್ತಿತ್ತು. ಇನ್ನೊಂದು ಮಸೀದಿ ಪ್ರವಾಸಿಗಳ ಡಾಕ್ ಬಂಗಲೆಯಾಗಿತ್ತು. ಅರಮನೆಯಲ್ಲಿ ಅರಸನ ಬದಲು ಅಧಿಕಾರಿ ಮಲಗಿದರೆ ಅದು ವಾಸದ ಮನೆಯಾಗಿಯೇ ಉಳಿಯುತ್ತದೆ. ನಮಾಜಿನ ಜಾಗದಲ್ಲಿ ಪ್ರವಾಸಿಯ ಮಂಚ ಹಾಕಿದರೆ ಹಾಗೆನ್ನಲಾಗದು. ಇಂಥ ಅದಲುಬದಲು ವಿಜಾಪುರಕ್ಕಷ್ಟೇ ಬಂದದ್ದಲ್ಲ. ಲಾಹೋರಿನಲ್ಲಿ ಅನಾರ್ಕಲಿಯದೆನ್ನುವ ಗೋರಿ ಕೆಲಕಾಲ ಇಂಗ್ರಜರ ಚರ್ಚಾಗಿತ್ತು, ಆಮೇಲೆ ದಫ್ತರಖಾನೆಯಾಯಿತು!

1900ರಲ್ಲಿ ವಿಜಾಪುರಕ್ಕೆ ಬಂದಿದ್ದ ವೈಸರಾಯ್ ಕರ್ಜನ್ ಮಸೀದಿಗಳಿಂದ ಅಂಚೆ ಕಚೇರಿಯನ್ನೂ ಡಾಕ್ ಬಂಗಲೆಯನ್ನೂ ತೆರವು ಮಾಡಿಸಿದ. ಬಂಗಾಳವನ್ನು ಒಡೆದ ಕರ್ಜನ್ನನ ಬಗ್ಗೆ ಒಳ್ಳೆಯ ಮಾತಾಡುವ ಸಂದರ್ಭಗಳು ಕಡಿಮೆ, ಇದು ಅಂಥದೊಂದು. ಅವನ ಕಾಲದ 1904ರ ಪ್ರಾಚೀನ ಸ್ಮಾರಕ ಸಂರಕ್ಷಣಾ ಕಾಯ್ದೆ, ಸರ್ಕಾರ ಕಾಪಾಡುವ ಪೂಜಾಸ್ಥಳವನ್ನು ಅದರ ಸ್ವರೂಪಕ್ಕೆ ಹೊಂದದ ಕೆಲಸಕ್ಕೆ ಬಳಸಕೂಡದೆಂದು ವಿಧಿಸಿತು. 1958ರ ಕಾಯ್ದೆಯೂ ಅದನ್ನು ಉಳಿಸಿಕೊಂಡಿತು. ಅರಮನೆಗಳಿಗೆ ಈ ನಿಯಮ ತಾಗಲಿಲ್ಲ. ಅಧಿಕಾರಿಗಳ ಬಿಡಾರ ಮುಂದುವರಿಯಿತು.

ಹೆಚ್ಚು ಕೆಡಿಸದೆ ಬಳಸಿದ ಕಟ್ಟಡವೂ ಊರಲ್ಲಿ ಒಂದಿದೆ. ಗೋಲಗುಂಬಜದ ಮುಂದಿನ ನಗಾರಖಾನೆಯಲ್ಲಿ 1892ರಲ್ಲಿ ವಸ್ತುಸಂಗ್ರಹಾಲಯ ತೆರೆದರು. 1982ರಲ್ಲಿ ಅದು ಪುರಾತತ್ವ ಸರ್ವೇಕ್ಷಣೆಯ ಕೈಗೆ ಬಂತು. ನಗಾರಿ ಬಾರಿಸಲು ಕಟ್ಟಿದ ಅಟ್ಟದ ಕೆಳಗೆ ಈಗ ಶಾಸನ, ಶಿಲ್ಪ, ಹಸ್ತಪ್ರತಿಗಳನ್ನು ನೋಡಲು ಶಾಲಾ ಮಕ್ಕಳು ಸಾಲು ಹಚ್ಚುತ್ತಾರೆ.