ವಿಜಯಪುರ: ಗುಮ್ಮಟದ ನೆರಳಿನಲ್ಲಿ ಎರಡು ದಿನ, ತಾಳಿಕೋಟೆಗೊಂದು ಹಗಲು

ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳನ್ನು ನೋಡಿಕೊಂಡು ಉತ್ತರಕ್ಕೆ ಸಾಗುವ ಪ್ರವಾಸಿ ಬಸ್ಸುಗಳು ವಿಜಯಪುರಕ್ಕೆ ಕೊಡುವುದು ಹೆಚ್ಚೆಂದರೆ ಅರ್ಧ ದಿನ. ಗೋಳಗುಮ್ಮಟವನ್ನೇರಿ ಒಮ್ಮೆ ಕೂಗಿ, ಇಬ್ರಾಹಿಂ ರೋಜಾದ ಮುಂದೆ ಚಿತ್ರ ತೆಗೆಸಿಕೊಂಡು, ಸಂಜೆಯೊಳಗೆ ಸೊಲ್ಲಾಪುರದ ದಾರಿ ಹಿಡಿಯುವುದು ಬಹುಕಾಲದ ವಾಡಿಕೆ. ಸುಮಾರು ಎರಡು ಶತಮಾನಗಳ ಕಾಲ ದಖ್ಖನಿನ ಪ್ರಬಲ ರಾಜಧಾನಿಗಳಲ್ಲಿ ಒಂದಾಗಿದ್ದ ನಗರಕ್ಕೆ ಇದಕ್ಕಿಂತ ದೊಡ್ಡ ಅನ್ಯಾಯ ಬೇರೊಂದಿಲ್ಲ. ಇದು ಅವಸರದಲ್ಲಿ ನೋಡಿ ಮುಗಿಸುವ ಊರಲ್ಲ. ಬೆಳಿಗ್ಗೆ ಒಂದು ಸ್ಮಾರಕ, ಮಧ್ಯಾಹ್ನ ಖಾನಾವಳಿಯಲ್ಲಿ ರೊಟ್ಟಿ ಊಟ, ಬಿಸಿಲು ಇಳಿದ ಮೇಲೆ ಇನ್ನೊಂದು ಸ್ಮಾರಕ, ದೀಪ ಹೊತ್ತಿದ ಮೇಲೆ ಬಜಾರಿನಲ್ಲಿ ಮಿರ್ಚಿ ಮತ್ತು ಚಹಾ: ಈ ಲಯಕ್ಕೆ ಒಗ್ಗಿಕೊಂಡವರಿಗೆ ಮಾತ್ರ ನಗರ ತನ್ನನ್ನು ತೋರಿಸಿಕೊಳ್ಳುತ್ತದೆ.

ಕಲ್ಯಾಣ ಚಾಲುಕ್ಯರ ಕಾಲದಲ್ಲಿ ವಿಜಯಪುರವಾಗಿದ್ದ ಊರು ಮುಂದೆ ಬಿಜಾಪುರವಾಯಿತು. 2014ರ ನವೆಂಬರ್ 1ರಂದು ಅಧಿಕೃತವಾಗಿ ಹಳೆಯ ಹೆಸರಿಗೇ ಮರಳಿತು. ಈ ನಡುವೆ 1490ರ ಆಸುಪಾಸಿನಿಂದ 1686ರವರೆಗೆ ಆದಿಲಶಾಹಿ ಅರಸರು ಇಲ್ಲಿಂದ ಆಳಿದರು. ಇಂದು ಪ್ರವಾಸಿಗರು ನೋಡಲು ಬರುವ ಕಟ್ಟಡಗಳಲ್ಲಿ ಹೆಚ್ಚಿನವು ಒಂದೇ ಒಂದು ಘಟನೆಯ ನಂತರ ಎದ್ದು ನಿಂತವು. ಆ ಘಟನೆಯ ಹೆಸರು ತಾಳಿಕೋಟೆ ಯುದ್ಧ. ಹಂಪಿಯ ಪತನವನ್ನು ಕಂಡು ಮರುಗುವ ಕನ್ನಡಿಗರು ಅದೇ ಯುದ್ಧದ ಮತ್ತೊಂದು ಮುಖವನ್ನು ನೋಡಲು ವಿಜಯಪುರಕ್ಕೆ ಬರಬೇಕು.

ಮುಂಜಾನೆಯ ಗೋಳಗುಮ್ಮಟ

ಗೋಳಗುಮ್ಮಟದ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಬೇಕು ಎಂಬುದು ಊರಿನವರು ಕೊಡುವ ಮೊದಲ ಸಲಹೆ. ಶಾಲಾ ಮಕ್ಕಳ ತಂಡಗಳು ಬಂದ ಮೇಲೆ ಪಿಸುಗುಟ್ಟುವ ಮೊಗಸಾಲೆ ಕಿರುಚುವ ಮೊಗಸಾಲೆಯಾಗುತ್ತದೆ. 1627ರಿಂದ 1656ರವರೆಗೆ ಆಳಿದ ಮುಹಮ್ಮದ್ ಆದಿಲಶಾಹನ ಗೋರಿ ಇದು. ಮೂಲೆಗೊಂದರಂತೆ ನಿಂತ ಏಳು ಅಂತಸ್ತಿನ ಅಷ್ಟಕೋನ ಗೋಪುರಗಳ ಒಳಗೆ ಇಕ್ಕಟ್ಟಾದ ಮೆಟ್ಟಿಲುಗಳಿವೆ. ನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಏರಿದರೆ ಗುಮ್ಮಟದ ಬುಡದಲ್ಲಿರುವ ಮೊಗಸಾಲೆ ಸಿಗುತ್ತದೆ. ಒಂದು ಬದಿಯ ಗೋಡೆಗೆ ಬಾಯಿಟ್ಟು ಆಡಿದ ಪಿಸುಮಾತು ಸುಮಾರು 38 ಮೀಟರ್ ಆಚೆಯ ಎದುರು ಬದಿಯಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಒಂದು ಚಪ್ಪಾಳೆ ಹಲವು ಬಾರಿ ಮರಳಿ ಬರುತ್ತದೆ.

ಇದು ಜಗತ್ತಿನ ಎಷ್ಟನೆಯ ದೊಡ್ಡ ಗುಮ್ಮಟ ಎಂಬ ಲೆಕ್ಕಾಚಾರ ಪಠ್ಯಪುಸ್ತಕಗಳಿಗೆ ಪ್ರಿಯವಾದ ವಿಷಯ. ಆದರೆ ನಿಜವಾದ ಸೋಜಿಗ ಗಾತ್ರದಲ್ಲಿಲ್ಲ. ಚೌಕಾಕಾರದ ಕೋಣೆಯ ಮೇಲೆ ದುಂಡಗಿನ ಗುಮ್ಮಟವನ್ನು ಕೂರಿಸಿದ ಬಗೆ ನೋಡುವಂತಹುದು. ಒಂದನ್ನೊಂದು ಕತ್ತರಿಸಿ ಸಾಗುವ ಎಂಟು ಕಮಾನುಗಳು ಮೂಲೆಗಳನ್ನು ಒಳಕ್ಕೆ ಬಾಗಿಸಿ ಗುಮ್ಮಟದ ಭಾರವನ್ನು ಹೊತ್ತಿವೆ; ನಡುವೆ ಒಂದೂ ಕಂಬವಿಲ್ಲ. ಇದನ್ನು ನೋಡಲು ಮೇಲೇರಬೇಕಾಗಿಲ್ಲ, ಕೆಳಗೆ ನಿಂತು ತಲೆಯೆತ್ತಿದರೆ ಸಾಕು. ಮುಂಭಾಗದ ನಗಾರಖಾನೆಯಲ್ಲಿ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯವಿದೆ. ಶಾಸನಗಳಲ್ಲಿ ಆಸಕ್ತಿ ಇರುವವರು ಅಲ್ಲಿ ಒಂದು ಗಂಟೆ ಕಳೆಯಬಹುದು.

ಹೊರಬಂದ ಮೇಲೆ ಹೊಟ್ಟೆಯ ಮಾತು. ದಕ್ಷಿಣ ಕರ್ನಾಟಕದಿಂದ ಬಂದವರು ಇಡ್ಲಿ ಹುಡುಕುವುದನ್ನು ಬಿಟ್ಟು ಸುಸಲಾ ಕೇಳುವುದು ಉತ್ತಮ. ಚುರುಮುರಿಯನ್ನು ನೀರಿನಲ್ಲಿ ನೆನೆಸಿ ಹಿಂಡಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಶೇಂಗಾಗಳ ಒಗ್ಗರಣೆಗೆ ಹಾಕಿ, ಮೇಲೆ ಪುಟಾಣಿ ಹಿಟ್ಟು ಉದುರಿಸಿ ಕೊಡುವ ಉಪಾಹಾರ ಇದು. ಜೊತೆಗೆ ಒಂದು ಮಿರ್ಚಿ ಇಲ್ಲದಿದ್ದರೆ ಅದು ಪೂರ್ಣವಾಗದು. ಬೆಂಗಳೂರಿನವರು ಕೇಸರಿಬಾತ್ ಎನ್ನುವುದಕ್ಕೆ ಇಲ್ಲಿ ಶಿರಾ ಎನ್ನುತ್ತಾರೆ. ಚಹಾ ಸಣ್ಣ ಲೋಟದಲ್ಲಿ ಬರುತ್ತದೆ, ಸಿಹಿ ಜಾಸ್ತಿ.

ಟಾಂಗಾ ವಿಜಯಪುರದ ಗುರುತುಗಳಲ್ಲೊಂದು. ಆಟೋಗಳು ಹೆಚ್ಚಿದಂತೆ ಅವುಗಳ ಸಂಖ್ಯೆ ಕುಗ್ಗಿದೆ. ಸಿಕ್ಕರೆ ಬಾಡಿಗೆಯನ್ನು ಮೊದಲೇ ಮಾತಾಡಿಕೊಂಡು ಹತ್ತುವುದು ಲೇಸು. ಕುದುರೆಯ ನಡಿಗೆಯೇ ಈ ಊರಿಗೆ ತಕ್ಕ ವೇಗ. ಆಟೋದಲ್ಲಿ ಹೋದವರಿಗೆ ಕೋಟೆಗೋಡೆಯ ತುಣುಕುಗಳು, ಮನೆಗಳ ನಡುವೆ ಸಿಕ್ಕಿಕೊಂಡ ಹಳೆಯ ಕಮಾನುಗಳು, ಹೆಸರಿಲ್ಲದ ಸಣ್ಣ ಗುಮ್ಮಟಗಳು ಕಣ್ಣಿಗೇ ಬೀಳವು.

ಗೆಲುವಿನ ಕಟ್ಟಡ, ನೀರಿನ ಕಟ್ಟಡ

ನಗರದ ಜಾಮಿಯಾ ಮಸೀದಿ 1565ರ ಗೆಲುವಿನ ನಂತರ ಒಂದನೆಯ ಅಲಿ ಆದಿಲಶಾಹ ಕಟ್ಟಿಸಿದ್ದು. ವಿಜಯನಗರದಿಂದ ಬಂದ ಸಂಪತ್ತು ಈ ನಿರ್ಮಾಣಗಳಿಗೆ ಒದಗಿತು ಎಂಬುದು ಇತಿಹಾಸಕಾರರ ಸಾಮಾನ್ಯ ಅಭಿಪ್ರಾಯ. ಆಡಂಬರ ಕಡಿಮೆ. ಸಾಲುಸಾಲು ಕಮಾನುಗಳು, ಬೆಳ್ಳಗಿನ ಗೋಡೆಗಳು, ತಂಪು ನೆರಳು. ನೆಲದ ಮೇಲೆ ಒಬ್ಬೊಬ್ಬರ ಪ್ರಾರ್ಥನೆಗೆಂದು ಗುರುತು ಮಾಡಿದ 2,250ರಷ್ಟು ಚೌಕಗಳಿದ್ದು, ಅವು ಔರಂಗಜೇಬನ ಕಾಲದವೆಂದು ಹೇಳಲಾಗುತ್ತದೆ. ಪ್ರಾರ್ಥನೆಯ ಸಮಯವನ್ನು ತಪ್ಪಿಸಿ, ಮೈತುಂಬ ಉಡುಪು ತೊಟ್ಟು ಹೋಗಬೇಕು.

ಎರಡನೆಯ ಇಬ್ರಾಹಿಂ ಆದಿಲಶಾಹನ ಹೆಸರು ಹೇಳದೆ ವಿಜಯಪುರದ ಕಥೆ ಮುಂದೆ ಸಾಗದು. 1580ರಿಂದ 1627ರವರೆಗೆ ಆಳಿದ ಈತ ಸಂಗೀತಪ್ರಿಯ. ದಖ್ಖನಿಯಲ್ಲಿ ರಚಿಸಿದ ‘ಕಿತಾಬ್-ಎ-ನವರಸ್’ನಲ್ಲಿ ಸರಸ್ವತಿಯನ್ನು ಸ್ತುತಿಸಿದವನು. ನಗರದ ಪಶ್ಚಿಮದಲ್ಲಿರುವ ಇಬ್ರಾಹಿಂ ರೋಜಾ ಅವನ ಕುಟುಂಬದ ಸಮಾಧಿ. ಎತ್ತರದ ಜಗಲಿಯ ಮೇಲೆ ಗೋರಿಯೂ ಮಸೀದಿಯೂ ಎದುರುಬದುರಾಗಿ ನಿಂತಿವೆ, ನಡುವೆ ನೀರಿನ ತೊಟ್ಟಿ. ಅಕ್ಷರಗಳನ್ನೇ ಕೊರೆದು ಮಾಡಿದ ಕಲ್ಲಿನ ಜಾಲಂಧ್ರಗಳ ಮೂಲಕ ಒಳಕ್ಕೆ ಬೆಳಕು ಬರುತ್ತದೆ. ಗೋಳಗುಮ್ಮಟ ಬೆರಗು ಹುಟ್ಟಿಸಿದರೆ ರೋಜಾ ಮನಸ್ಸನ್ನು ಹಿಡಿದು ನಿಲ್ಲಿಸುತ್ತದೆ. ಎರಡರಲ್ಲಿ ಒಂದನ್ನಷ್ಟೇ ನೋಡಲು ಸಮಯವಿದ್ದರೆ ರೋಜಾವನ್ನೇ ಆರಿಸಿಕೊಳ್ಳಬೇಕು. ಸಂಜೆ ನಾಲ್ಕರ ನಂತರದ ಇಳಿಬಿಸಿಲು ಅದಕ್ಕೆ ಪ್ರಶಸ್ತ.

ರೋಜಾದ ಶಿಲ್ಪಿ ಮಲಿಕ್ ಸಂದಲ್‌ನ ಮತ್ತೊಂದು ಕೃತಿ ಹತ್ತಿರದಲ್ಲೇ ಇದೆ. ಇಬ್ರಾಹಿಮನ ರಾಣಿ ತಾಜ್ ಸುಲ್ತಾನಾಳ ಹೆಸರಿನಲ್ಲಿ 1620ರಲ್ಲಿ ಕಟ್ಟಿದ ತಾಜ್ ಬಾವಡಿ ಅದು. ಬಾವಿ ಎಂದರೆ ಬಾವಿಯಲ್ಲ, ದೊಡ್ಡ ಕೊಳವೇ. ಎರಡು ಗೋಪುರಗಳ ನಡುವಿನ ಭಾರಿ ಕಮಾನನ್ನು ದಾಟಿ ಮೆಟ್ಟಿಲಿಳಿದರೆ ನೀರು. ಚಾಂದಬೀಬಿಯ ಹೆಸರಿನ ಚಾಂದ ಬಾವಡಿ ಇದಕ್ಕಿಂತ ಹಳೆಯದು, 1579ರದು. ಮಳೆ ಅಷ್ಟಕ್ಕಷ್ಟೆ ಎನ್ನುವ ಈ ನೆಲದಲ್ಲಿ ಒಂದು ದೊಡ್ಡ ರಾಜಧಾನಿ ಬದುಕಿದ್ದು ಇಂತಹ ಬಾವಡಿಗಳಿಂದ, ತೊರವೆಯಿಂದ ಬಂದ ನೆಲದಡಿಯ ಕಾಲುವೆಯಿಂದ ಮತ್ತು 1651ರಲ್ಲಿ ಕಟ್ಟಿದ ಬೇಗಂ ತಲಾಬಿನಿಂದ. ಕೊಳವೆಗಳ ಒತ್ತಡವನ್ನು ತಗ್ಗಿಸಲು ಅಲ್ಲಲ್ಲಿ ಎಬ್ಬಿಸಿದ ‘ಗಂಜ’ ಎಂಬ ಕಲ್ಲಿನ ಗೋಪುರಗಳು ಈಗಲೂ ಊರೊಳಗೆ ನಿಂತಿವೆ. ದಾರಿಹೋಕರು ಅವನ್ನು ಯಾವುದೋ ಹಾಳು ಬುರುಜು ಎಂದುಕೊಂಡು ಸಾಗುತ್ತಾರೆ. ದಶಕಗಳ ಕಾಲ ಹೂಳು ಕಸಗಳಿಂದ ತುಂಬಿದ್ದ ತಾಜ್ ಬಾವಡಿಯ ಹೂಳನ್ನು 2010ರ ದಶಕದಲ್ಲಿ ತೆಗೆಯಲಾಯಿತು. ಅದು ಮತ್ತೆ ಕಸದ ತೊಟ್ಟಿಯಾಗದಂತೆ ಕಾಯುವುದು ಊರಿಗೂ ಪ್ರವಾಸಿಗರಿಗೂ ಸೇರಿದ ಕೆಲಸ.

ಪಶ್ಚಿಮದ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪನ್ನು ಮಕ್ಕಳು ಮರೆಯಲಾರರು. ಆನೆಯನ್ನು ಅಗಿಯುತ್ತಿರುವ ಸಿಂಹದ ಬಾಯಿಯೇ ಇದರ ಮೂತಿ. ಸುಮಾರು 55 ಟನ್ ತೂಗುವ ಇದು ಅಹಮದನಗರದಲ್ಲಿ 1549ರಲ್ಲಿ ಎರಕಗೊಂಡು, ಪರಾಂಡಾ ಕೋಟೆಯಿಂದ 1632ರಲ್ಲಿ ಇಲ್ಲಿಗೆ ಬಂತು. 1565ರ ಯುದ್ಧದಲ್ಲಿ ಗುಡುಗಿದ ತೋಪು ಇದೇ ಎಂಬ ಪ್ರತೀತಿ ಇದೆ. ಬ್ರಿಟಿಷರ ಕಾಲದಲ್ಲಿ, 1854ರಲ್ಲಿ, ಇದನ್ನು ಹರಾಜಿಗಿಟ್ಟಾಗ ಬಂದ ಹೆಚ್ಚಿನ ಬೆಲೆ 150 ರೂಪಾಯಿ! ಮಾರಾಟ ರದ್ದಾಗಿ ತೋಪು ಉಳಿಯಿತು. ಸಮೀಪದ ಉಪ್ಪಲಿ ಬುರುಜನ್ನು ಹೊರಗಿನ ಸುತ್ತು ಮೆಟ್ಟಿಲುಗಳಿಂದ ಏರಿದರೆ ಇಡೀ ನಗರ ಕಾಣುತ್ತದೆ. ಗಗನ ಮಹಲ್, ಆಸಾರ್ ಮಹಲ್, ಅಪೂರ್ಣವಾಗಿಯೇ ನಿಂತ ಬಾರಾ ಕಮಾನುಗಳನ್ನು ಎರಡನೆಯ ದಿನದ ಸಂಜೆಗೆ ಇಟ್ಟುಕೊಳ್ಳಬಹುದು.

ರೊಟ್ಟಿಯ ರಾಜ್ಯ

ಮಧ್ಯಾಹ್ನದ ಊಟಕ್ಕೆ ಖಾನಾವಳಿಯೇ ಸರಿ. ಬಿಳಿಜೋಳದ ರೊಟ್ಟಿ, ಎಣ್ಣೆಗಾಯಿ, ಝುಣಕ, ಕಾಳಿನ ಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಕೆಂಪು ಖಾರ, ಗಟ್ಟಿ ಮೊಸರು, ಹೆಚ್ಚಿದ ಉಳ್ಳಾಗಡ್ಡಿ ಮತ್ತು ಹಸಿ ಸೊಪ್ಪು ಒಂದೇ ತಾಟಿನಲ್ಲಿ ಬಂದು ಕೂರುತ್ತವೆ. ಬಿಸಿ ರೊಟ್ಟಿ ಬೇಕೋ ಖಡಕ್ ರೊಟ್ಟಿ ಬೇಕೋ ಎಂದು ಕೇಳುವ ಕಡೆ ಊಟ ಚೆನ್ನಾಗಿರುತ್ತದೆ ಎಂದು ನಂಬಬಹುದು. ಅನ್ನ ಕೊನೆಯಲ್ಲಿ ಬರುತ್ತದೆ, ಅದೂ ಒಂದು ಹಿಡಿ.

ಸಂಜೆಯ ತಿರುಗಾಟಕ್ಕೆ ಗಾಂಧಿ ಚೌಕ ಮತ್ತು ಲಾಲ್ ಬಹಾದ್ದೂರ್ ಶಾಸ್ತ್ರಿ ಮಾರುಕಟ್ಟೆಯ ಸುತ್ತಮುತ್ತ ಸಾಕು. ಮಿರ್ಚಿ, ಉಳ್ಳಾಗಡ್ಡಿ ಬಜಿ ಕರಿಯುವ ಗಾಡಿಗಳು, ಮಸಾಲೆ ಚುರುಮುರಿ, ಮಾಂಸಾಹಾರಿಗಳಿಗೆ ಬಿರಿಯಾನಿ. ರಮ್ಜಾನ್ ತಿಂಗಳಲ್ಲಿ ಬಂದರೆ ಸಂಜೆಯ ಬಜಾರಿನ ಸಡಗರವೇ ಬೇರೆ. ಮಕರ ಸಂಕ್ರಾಂತಿಯ ಹೊತ್ತಿನ ಸಿದ್ಧೇಶ್ವರ ಜಾತ್ರೆಗೆ ಬಂದವರಿಗೆ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಸಿಗುತ್ತವೆ. ಜಾನುವಾರು ಜಾತ್ರೆಯೂ ನೋಡಲು ದೊರೆಯುತ್ತದೆ. ಒಣದ್ರಾಕ್ಷಿ, ಇಂಡಿಯ ನಿಂಬೆ, ಪೊಟ್ಟಣ ಕಟ್ಟಿದ ಖಡಕ್ ರೊಟ್ಟಿ ಮತ್ತು ಹಿಂಡಿಗಳು ಊರಿಗೆ ಒಯ್ಯಲು ಯೋಗ್ಯ. ಇಂಡಿ ಭಾಗದ ನಿಂಬೆಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ.

ಗಾಡಿಯ ತಿನಿಸಿನ ಬಗ್ಗೆ ಅಳುಕುವವರಿಗೆ ಒಂದು ಮಾತು: ಕಣ್ಣೆದುರೇ ಕರಿದದ್ದನ್ನು ತಿನ್ನಬಹುದು, ಆದರೆ ನೀರನ್ನು ಮಾತ್ರ ಜೊತೆಗೆ ಇಟ್ಟುಕೊಂಡಿರಬೇಕು.

ಹೆಸರು ಕೊಟ್ಟ ಊರು

ಮೂರನೆಯ ದಿನ ತಾಳಿಕೋಟೆಗೆ. ವಿಜಯಪುರದಿಂದ ಆಗ್ನೇಯಕ್ಕೆ ಸುಮಾರು 80 ಕಿ.ಮೀ. ದೂರದಲ್ಲಿ, ಡೋಣಿ ನದಿಯ ದಂಡೆಯಲ್ಲಿರುವ ಪಟ್ಟಣವಿದು. ಹಿಂದೆ ಮುದ್ದೇಬಿಹಾಳ ತಾಲ್ಲೂಕಿಗೆ ಸೇರಿತ್ತು, ಈಗ ಸ್ವತಃ ತಾಲ್ಲೂಕು ಕೇಂದ್ರ. ನಾಡಿನ ಪ್ರತಿ ಶಾಲಾ ಬಾಲಕನಿಗೂ ಈ ಹೆಸರು ಗೊತ್ತು, ಆದರೆ ಇಲ್ಲಿಗೆ ಬಂದವರು ವಿರಳ.

ಬಂದವರು ರಣರಂಗವನ್ನು ಹುಡುಕಿದರೆ ನಿರಾಶೆ ಖಚಿತ, ಏಕೆಂದರೆ ಯುದ್ಧ ಇಲ್ಲಿ ನಡೆಯಲಿಲ್ಲ. ಬಿಜಾಪುರ, ಅಹಮದನಗರ, ಗೋಲ್ಕೊಂಡ, ಬೀದರ್‌ಗಳ ಸುಲ್ತಾನರ ಪಡೆಗಳು 1564ರ ಡಿಸೆಂಬರ್ ಕೊನೆಯಲ್ಲಿ ಇಲ್ಲಿ ಬೀಡುಬಿಟ್ಟವು. 1565ರ ಜನವರಿ 23ರಂದು ಅಳಿಯ ರಾಮರಾಯ ಮಡಿದ ಕಾಳಗ ನಡೆದದ್ದು ಹತ್ತಾರು ಕಿ.ಮೀ. ದಕ್ಷಿಣಕ್ಕೆ, ಕೃಷ್ಣೆಯ ಆಸುಪಾಸಿನಲ್ಲಿ. ನದಿಯ ದಂಡೆಯ ರಕ್ಕಸಗಿ ಮತ್ತು ತಂಗಡಗಿ ಎಂಬ ಎರಡು ಹಳ್ಳಿಗಳ ಹೆಸರು ಕೂಡಿ ‘ರಕ್ಕಸತಂಗಡಿ’ ಆಯಿತು. ಬನ್ನಿಹಟ್ಟಿ ಕದನ ಎಂದೂ ಕರೆದವರಿದ್ದಾರೆ. ನಿಖರವಾದ ಸ್ಥಳದ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಏಕಮತವಿಲ್ಲ. ಸೇನೆ ತಂಗಿದ ಊರಿನ ಹೆಸರು ಯುದ್ಧಕ್ಕೆ ಅಂಟಿಕೊಂಡಿತು, ಕಾದಾಡಿದ ನೆಲ ಅನಾಮಿಕವಾಗಿ ಉಳಿಯಿತು. ತಂಗಡಗಿಯನ್ನು ಸ್ಥಳೀಯರು ನೆನೆಯುವುದು ಬೇರೆ ಕಾರಣಕ್ಕೆ: ಅದು ಬಸವಣ್ಣನವರ ಪತ್ನಿ ನೀಲಾಂಬಿಕೆಯ ಐಕ್ಯಸ್ಥಳ.

ಹಾಗಾದರೆ ತಾಳಿಕೋಟೆಯಲ್ಲಿ ನೋಡುವುದೇನು? ಖಾಸ್ಗತೇಶ್ವರ ಮಠವಿದೆ, ಹಳೆಯ ಪೇಟೆ ಇದೆ, ನೆಲಕ್ಕೂ ಗೋಡೆಗೂ ಬಳಸುವ ಪದರುಪದರಾದ ಸುಣ್ಣಕಲ್ಲಿನ ಪರಸಿಗಳಿವೆ. ಎಲ್ಲಕ್ಕಿಂತ ಮಿಗಿಲಾಗಿ ಡೋಣಿಯ ಕರಿನೆಲವಿದೆ. ಮಹಾರಾಷ್ಟ್ರದ ಜತ್ತ ಭಾಗದಲ್ಲಿ ಹುಟ್ಟಿ ಕೃಷ್ಣೆಯನ್ನು ಸೇರುವ ಈ ನದಿಯ ನೀರು ಸವುಳು, ಕುಡಿಯಲು ಒಲ್ಲದು. ಆದರೆ ದಂಡೆಯ ಎರೆಮಣ್ಣು ಹಿಂಗಾರಿ ಜೋಳಕ್ಕೆ ಹೆಸರಾದದ್ದು. ‘ಡೋಣಿ ಬೆಳೆದರೆ ಓಣಿಯೆಲ್ಲ ಜೋಳ’ ಎಂಬ ಗಾದೆ ಈ ಭಾಗದಲ್ಲಿ ಮನೆಮಾತು. ಮಳೆಗಾಲದಲ್ಲಿ ಅದೇ ಡೋಣಿ ಉಕ್ಕಿ ಹೊಲಗಳನ್ನು ನುಂಗುವುದೂ, ತಗ್ಗಿನ ಸೇತುವೆಗಳು ಮುಳುಗಿ ಸಂಚಾರ ನಿಲ್ಲುವುದೂ ಉಂಟು. ವಿಜಯಪುರದ ಖಾನಾವಳಿಯ ತಾಟಿನಲ್ಲಿ ಮುರಿದ ರೊಟ್ಟಿ ಇಂತಹ ಹೊಲಗಳಿಂದಲೇ ಬಂದದ್ದು.

ಡಿಸೆಂಬರ್ ಕೊನೆಯಿಂದ ಜೋಳ ಹಾಲುಗಾಳಾಗುವ ದಿನಗಳಲ್ಲಿ ಬಂದರೆ ಸೀತನಿ ತಿನ್ನುವ ಭಾಗ್ಯ ಸಿಗಬಹುದು. ಎಳೆಯ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಿಸಿಯಿರುವಾಗಲೇ ಉಜ್ಜಿ ಕಾಳು ಬಿಡಿಸಿ, ಹಿಂಡಿಯೊಡನೆ ತಿನ್ನುವ ತಿನಿಸದು. ಹೊಲದ ಬದುವೇ ಅದರ ಅಂಗಡಿ. ಎಳ್ಳಮಾವಾಸ್ಯೆಯಂದು ಕುಟುಂಬಗಳು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತವೆ. ಪರಿಚಯದವರ ಮೂಲಕ ಅಂದು ಒಂದು ಹೊಲಕ್ಕೆ ಆಹ್ವಾನ ದೊರೆತರೆ ಉಳಿದ ಕಾರ್ಯಕ್ರಮಗಳನ್ನೆಲ್ಲ ಮುಂದಕ್ಕೆ ಹಾಕಬಹುದು.

ಮರಳುವಾಗ ಬಸವನ ಬಾಗೇವಾಡಿಯ ಮೂಲಕ ಬಂದರೆ ಬಸವಣ್ಣನವರ ಜನ್ಮಸ್ಥಳವನ್ನೂ ನೋಡಿದಂತಾಗುತ್ತದೆ. ಒಂದು ದಿನ ಹೆಚ್ಚಿಗೆ ಇದ್ದರೆ ಆಲಮಟ್ಟಿ ಜಲಾಶಯ ಮತ್ತು ಕೂಡಲಸಂಗಮ ದೂರವೇನಲ್ಲ. ವಿಜಯಪುರದ ಪಶ್ಚಿಮಕ್ಕಿರುವ ತೊರವೆಗೆ ಸಾಹಿತ್ಯಪ್ರಿಯರು ಹೋಗಬೇಕು: ‘ತೊರವೆ ರಾಮಾಯಣ’ದ ಕುಮಾರ ವಾಲ್ಮೀಕಿಯ ಊರು ಅದು, ನರಸಿಂಹನ ಗುಡಿ ಅಲ್ಲಿದೆ. ಇಬ್ರಾಹಿಂ ತನ್ನ ನವರಸಪುರವನ್ನು ಕಟ್ಟಲು ತೊಡಗಿದ್ದೂ ಅಲ್ಲಿಯೇ.

ತಲುಪುವ ಬಗೆ

ಬೆಂಗಳೂರಿನಿಂದ ವಿಜಯಪುರಕ್ಕೆ ಸುಮಾರು 530 ಕಿ.ಮೀ. ರಾತ್ರಿ ಬಸ್ಸುಗಳಿವೆ. ಮೈಸೂರಿನಿಂದ ಬೆಂಗಳೂರು ಮಾರ್ಗವಾಗಿ ಬರುವ ಗೋಳಗುಮ್ಮಟ ಎಕ್ಸ್‌ಪ್ರೆಸ್ ರೈಲು ಅನುಕೂಲಕರ. ನಿಲ್ದಾಣದಿಂದ ಗೋಳಗುಮ್ಮಟ ಹತ್ತಿರ. ತಾಳಿಕೋಟೆಗೆ ವಿಜಯಪುರದಿಂದ ಸಾರಿಗೆ ಬಸ್ಸುಗಳು ಸಿಗುತ್ತವೆ. ತಂಗಡಗಿಗೂ ಹೋಗುವ ಇಚ್ಛೆಯಿದ್ದರೆ ಬಾಡಿಗೆ ವಾಹನ ಮಾಡಿಕೊಳ್ಳುವುದು ಮೇಲು. ವಸತಿಗೆ ತಾಳಿಕೋಟೆಗಿಂತ ವಿಜಯಪುರದಲ್ಲಿ ಆಯ್ಕೆ ಹೆಚ್ಚು. ನವೆಂಬರ್‌ನಿಂದ ಫೆಬ್ರುವರಿಯವರೆಗೆ ಹವೆ ಹಿತಕರ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದರಿಂದ ಮಕ್ಕಳು, ವೃದ್ಧರೊಡನೆ ಬರುವವರು ಆ ದಿನಗಳನ್ನು ಬಿಡುವುದು ಒಳಿತು. ಬರಲೇಬೇಕಾದರೆ ಹನ್ನೊಂದರಿಂದ ನಾಲ್ಕರವರೆಗೆ ಹೊರಗೆ ತಿರುಗಬಾರದು, ಊರಿನವರೂ ತಿರುಗುವುದಿಲ್ಲ.